ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು: ವಿವಾಹ ನೋಂದಣಿ ಕುರಿತು ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ನೋಂದಣಾಧಿಕಾರಿಗಳು ಮತ್ತು ಎಲ್ಲ ಉಪನೋಂದಣಾಧಿಕಾರಿಗಳು,
ಧಾರವಾಡ, ಗದಗ, ಹಾವೇರಿ ಜಿಲ್ಲೆಗಳು.

ಪ್ರತಿ: ಸಾಮೂಹಿಕ ವಿವಾಹ ನಡೆಸುವ ಮಠಗಳು ಮತ್ತು ಸಮಿತಿಗಳು, ಕಲ್ಯಾಣ ಮಂಟಪದವರು, ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸಿನವರು, ಈ ವರ್ಷ ಮನೆಯಲ್ಲಿ ಲಗ್ನ ಇಟ್ಟುಕೊಂಡಿರುವ ಎಲ್ಲರೂ.

ಮಾನ್ಯರೇ,

ಮದುವೆ ನೋಂದಣಿಯ ಅರ್ಜಿ ತುಂಬಿಕೊಡುವುದು, ದಾಖಲೆ ಜೋಡಿಸಿಕೊಡುವುದು ನಮ್ಮ ಕೆಲಸ. ಅರ್ಜಿ ತಿರುಗಿ ಬಂದಾಗ ಜನ ಕಾನೂನನ್ನು ಬೈಯುತ್ತಾರೆ, ಇಲ್ಲವೇ ಗುಮಾಸ್ತರನ್ನು ಬೈಯುತ್ತಾರೆ. ಕಾನೂನು ಅಷ್ಟು ಬಿಗಿಯಾಗಿಲ್ಲ. ಅರ್ಜಿ ನಿಲ್ಲುವುದು ಮೂರು ಕಡೆ: ಹೆಸರು ಹೊಂದುವುದಿಲ್ಲ, ತಾರೀಖು ಹೊಂದುವುದಿಲ್ಲ, ಊರು ಹೊಂದುವುದಿಲ್ಲ. ಈ ಮೂರೂ ತಪ್ಪುಗಳು ಹುಟ್ಟುವುದು ನಿಮ್ಮ ಕಚೇರಿಯಲ್ಲಲ್ಲ, ಲಗ್ನಪತ್ರಿಕೆಯ ಒಕ್ಕಣೆ ಬರೆಯುವ ದಿನ. ಆದ್ದರಿಂದ ನೋಂದಣಿಯ ಮಾಹಿತಿ ಲಗ್ನದ ಮನೆಗೆ ಪತ್ರಿಕೆ ಅಚ್ಚಾಗುವ ಮೊದಲೇ ತಲುಪಬೇಕು. ಆ ಏರ್ಪಾಟು ಮಾಡಿರಿ ಎಂದು ಕೇಳುವುದಕ್ಕೇ ಈ ಪತ್ರ.

ಮೊದಲು ಒಂದು ತಪ್ಪು ತಿಳಿವಳಿಕೆಯ ಮಾತು. "ರಜಿಸ್ಟರ್ ಮದುವೆ" ಎಂಬ ಒಂದೇ ಹೆಸರಿನಲ್ಲಿ ಜನ ಎರಡು ಬೇರೆ ಕೆಲಸಗಳನ್ನು ಕರೆಯುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಕಲಂ ಪ್ರಕಾರ ಮಾಡುವುದು ಆಗಲೇ ಆಗಿಹೋದ ಮದುವೆಯ ದಾಖಲಾತಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಅಧಿಕಾರಿಯ ಮುಂದೆ ಮದುವೆಯೇ ಆಗುತ್ತದೆ. ಮೊದಲನೆಯದರಲ್ಲಿ ಅಕ್ಕಿಕಾಳು (ಅಕ್ಷತೆ) ಬೀಳದೆ, ಯಾವ ಶಾಸ್ತ್ರವೂ ನಡೆಯದೆ ಬರೀ ಸಹಿ ಮಾಡಿ ಪ್ರಮಾಣಪತ್ರ ತಂದರೆ ಅದು ಮದುವೆಯಾಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟವಾಗಿ ಹೇಳಿತು. ವೀಸಾ ಅವಸರಕ್ಕೆ "ಈಗ ಕಾಗದ ಮಾಡಿಸಿರೋಣ, ಲಗ್ನ ದೀಪಾವಳಿ ಆದ ಮೇಲೆ" ಎನ್ನುವ ಮನೆಗಳಿಗೆ ಈ ಮಾತು ತಟ್ಟಬೇಕು. ಅಂಥವರಿಗೆ ಸರಿಯಾದ ದಾರಿ ವಿಶೇಷ ವಿವಾಹ ಕಾಯ್ದೆ.

ಇನ್ನೊಂದು ಕಡೆಯ ಭಯವೂ ಬೇಡ. ನೋಂದಣಿ ಮಾಡಿಸದಿದ್ದರೆ ಮದುವೆ ಅಸಿಂಧುವಾಗುವುದಿಲ್ಲ. 8ನೇ ಕಲಂ ಅದನ್ನು ಬಿಡಿಸಿಯೇ ಹೇಳಿದೆ. ಅದೇ ಕಲಂನಲ್ಲಿ ನಿಯಮ ಮೀರಿದವರಿಗೆ ಇಟ್ಟ ದಂಡ ಹೆಚ್ಚೆಂದರೆ 25 ರೂಪಾಯಿ. ಕರ್ನಾಟಕದ್ದೇ ಆದ 1976ರ ವಿವಾಹ ನೋಂದಣಿ ಕಾಯ್ದೆ ಇದೆ. 2006ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಯಾವ ಧರ್ಮದವರದೇ ಆಗಲಿ, ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ರಾಜ್ಯಗಳಿಗೆ ಹೇಳಿತು. ಇಷ್ಟಾದರೂ ನಮ್ಮ ಕಡೆ ಜನ ಕಚೇರಿಗೆ ಬರುವುದು ಬೇರೆ ಯಾವುದೋ ಕಚೇರಿ ಕಾಗದ ಕೇಳಿದಾಗಲೇ. ಆಗ ಮದುವೆಯಾಗಿ ಹತ್ತು ವರ್ಷ ಆಗಿರುತ್ತದೆ, ಪತ್ರಿಕೆ ಕಳೆದಿರುತ್ತದೆ, ಸಾಕ್ಷಿ ಹಾಕಬೇಕಾದ ಹಿರಿಯರು ತೀರಿಕೊಂಡಿರುತ್ತಾರೆ.

ಇನ್ನು ಹೆಸರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಬರೆಯಲೇಬೇಕು.

ನಮ್ಮ ಭಾಗದಲ್ಲಿ ಹೆಸರೆಂದರೆ ಮೂರು ತುಂಡು: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಇನಿಶಿಯಲ್ ಪದ್ಧತಿ ನಮ್ಮದಲ್ಲ, ಆದರೆ ಕಾಗದಗಳಲ್ಲಿ ಅದೂ ನುಸುಳಿದೆ. ಉದಾಹರಣೆಗೆ ಶಿವಲೀಲಾ ಬಸಪ್ಪ ಮೆಣಸಿನಕಾಯಿ ಎಂದು ಇಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಶಿವಲೀಲಾ ಬಿ. ಎಂ." ಇರುತ್ತದೆ. ಆಧಾರ್‌ನಲ್ಲಿ ತಂದೆಯ ಹೆಸರು ಬಿಟ್ಟು "ಶಿವಲೀಲಾ ಮೆಣಸಿನಕಾಯಿ". ರೇಷನ್ ಕಾರ್ಡಿನಲ್ಲಿ "ಶಿವಲೀಲವ್ವ". ಲಗ್ನಪತ್ರಿಕೆಯಲ್ಲಿ "ಚಿ. ಕುಂ. ಸೌ. ಲೀಲಾ". ನಾಲ್ಕು ಕಾಗದದಲ್ಲಿ ನಾಲ್ಕು ಹೆಣ್ಣುಮಕ್ಕಳು! ಇಂಗ್ಲಿಷ್ ಕಾಗುಣಿತದ್ದು ಇನ್ನೊಂದು ಗೋಳು. ಹಿರೇಮಠ ಎನ್ನುವ ಅಡ್ಡಹೆಸರಿನ ಕೊನೆಗೆ ಒಂದು ಕಾರ್ಡಿನಲ್ಲಿ ಎಚ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬಸವರಾಜನ ಕೊನೆಯ ಎ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಇಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ಪಾಸ್‌ಪೋರ್ಟ್ ಹಿಡಿದು ಕಾನ್ಸುಲೇಟಿನ ಮುಂದೆ ನಿಂತಾಗ ಅದೇ ಒಂದಕ್ಷರ ಅಡ್ಡ ಬರುತ್ತದೆ.

ಮಾಡಬೇಕಾದದ್ದು ಇಷ್ಟು. ಲಗ್ನ ಗೊತ್ತಾದ ಕೂಡಲೇ ಇಬ್ಬರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಇದ್ದರೆ ಪಾಸ್‌ಪೋರ್ಟ್ ಒಂದೇ ಮೇಜಿನ ಮೇಲೆ ಹರವಿ ಅಕ್ಷರ ಅಕ್ಷರ ಹೋಲಿಸಿ ನೋಡಿರಿ. ವ್ಯತ್ಯಾಸ ಕಂಡರೆ ಆಧಾರನ್ನು ಅಂಕಪಟ್ಟಿಗೆ ಹೊಂದಿಸಿರಿ. ಅಂಕಪಟ್ಟಿಯನ್ನು ತಿದ್ದಿಸುವುದು ಬಹಳ ದೂರದ ದಾರಿ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಹುಟ್ಟಿದ ತಾರೀಖಿಗೆ ಒಂದೇ. ಹಾಗಾಗಿ ಮೊದಲು ಹೋಲಿಸಿ, ಆಮೇಲೆ ತಿದ್ದಿಸಿ. "ಎರಡೂ ಹೆಸರಿನವರು ಒಬ್ಬರೇ" ಎಂಬ ಅಫಿಡವಿಟ್ ಸಣ್ಣ ವ್ಯತ್ಯಾಸಕ್ಕೆ ಇಲ್ಲಿ ನಡೆಯಬಹುದು, ಪರದೇಶದ ಕಚೇರಿಯಲ್ಲಿ ಅದನ್ನು ಯಾರೂ ಓದುವುದಿಲ್ಲ.

ಮದುಮಗಳ ಹೆಸರಿನಲ್ಲಿ ಇನ್ನೊಂದು ಗುಂಡಿ ಇದೆ. ಕೆಲವು ಮನೆತನಗಳಲ್ಲಿ ಲಗ್ನದ ಹೊತ್ತಿಗೆ ಸೊಸೆಗೆ ಹೊಸ ಹೆಸರಿಡುತ್ತಾರೆ. ಇಡಲಿ, ಸಂತೋಷ. ಆದರೆ ಅರ್ಜಿಯಲ್ಲಿ ಬರೆಯಬೇಕಾದದ್ದು ಮದುವೆಗೆ ಮುಂಚಿನ, ಅಂಕಪಟ್ಟಿಯಲ್ಲಿರುವ ಹೆಸರು. ಲಗ್ನ ಮುಗಿದ ಮರುವಾರವೇ ಸೇವಾ ಕೇಂದ್ರಕ್ಕೆ ಹೋಗಿ ಆಧಾರ್‌ನಲ್ಲಿ ಗಂಡನ ಹೆಸರು, ಗಂಡನ ಅಡ್ಡಹೆಸರು ಸೇರಿಸಿಕೊಂಡು ಆಮೇಲೆ ನೋಂದಣಿಗೆ ಬರುವವರೇ ಹೆಚ್ಚು. ಆಗ ಆಧಾರ್‌ನಲ್ಲಿ ಒಬ್ಬಾಕೆ, ಅಂಕಪಟ್ಟಿಯಲ್ಲಿ ಇನ್ನೊಬ್ಬಾಕೆ. ಮೊದಲು ವಿವಾಹ ಪ್ರಮಾಣಪತ್ರ, ಅದನ್ನು ತೋರಿಸಿ ಆಧಾರ್, ಆಮೇಲೆ ಪಾನ್ ಮತ್ತು ಬ್ಯಾಂಕು: ಈ ಸಾಲು ತಪ್ಪಬಾರದು. ಹೆಸರು ಬದಲಿಸಲೇಬೇಕೆಂಬ ಕಾನೂನು ಯಾವುದೂ ಇಲ್ಲ ಎಂಬುದನ್ನೂ ಬೀಗರ ಮನೆಯವರು ಕೇಳಿಸಿಕೊಳ್ಳಲಿ.

ಮುದ್ರಣಕ್ಕೆ ಹೆಸರಾದ ಗದಗ-ಬೆಟಗೇರಿಯ ಪ್ರೆಸ್ಸಿನವರಲ್ಲಿ, ಹುಬ್ಬಳ್ಳಿ, ರಾಣೆಬೆನ್ನೂರಿನವರಲ್ಲಿ ಒಂದು ವಿನಂತಿ: ಪತ್ರಿಕೆಯ ಕರಡು ತೋರಿಸುವಾಗ "ಹೆಸರು ಆಧಾರ್‌ನಲ್ಲಿದ್ದಂತೆ ಇದೆಯೇ?" ಎಂದು ಒಮ್ಮೆ ಕೇಳಿರಿ. ಮುದ್ದಿನ ಹೆಸರು ಬೇಕೆಂದರೆ ಅದರ ಪಕ್ಕದಲ್ಲಿ ಪೂರ್ತಿ ಹೆಸರೂ ಬರಲಿ. ಅಕ್ಷತಾರೋಪಣದ ತಾರೀಖು, ಮಂಟಪದ ಹೆಸರು, ಊರು, ತಾಲೂಕು ನಾಲ್ಕೂ ಬಿಡದೆ ಇರಲಿ. "ವಧುವಿನ ಸ್ವಗೃಹದಲ್ಲಿ" ಎಂದಷ್ಟೇ ಬರೆದ ಪತ್ರಿಕೆ ನೋಂದಣಿಗೆ ಅರ್ಧ ಪುರಾವೆ.

ಈಗ ತಾರೀಖು. ಅರಿಷಿಣ ಒಂದು ದಿನ, ಅಕ್ಕಿಕಾಳು ಮರುದಿನ, ಆರತಕ್ಷತೆ ಇನ್ನೊಂದು ಊರಲ್ಲಿ ಇನ್ನೊಂದು ದಿನ. ಅರ್ಜಿಯಲ್ಲಿ ಬರೆಯಬೇಕಾದದ್ದು ತಾಳಿ ಕಟ್ಟಿ ಅಕ್ಕಿಕಾಳು ಬಿದ್ದ ದಿನ, ಆ ಊರು. ವರನ ಕಡೆಯವರು ಬೆಂಗಳೂರಿನ ಆರತಕ್ಷತೆಯ ಪತ್ರಿಕೆ ತಂದು ಅಲ್ಲಿ ಅರ್ಜಿ ಹಾಕುತ್ತಾರೆ, ವಧುವಿನ ಕಡೆಯ ಪತ್ರಿಕೆಯಲ್ಲಿ ಬ್ಯಾಡಗಿ ಇರುತ್ತದೆ. ಮದುವೆ ನಡೆದ ಜಾಗ ಯಾವ ಉಪನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಆ ಕಚೇರಿಗೆ ಹೋಗುವುದೇ ಎಲ್ಲಕ್ಕಿಂತ ಸಲೀಸು. ವಾಸದ ಊರಿನ ಕಚೇರಿಯಲ್ಲಿ ಮಾಡಿಸುವುದಾದರೆ ಆ ವಿಳಾಸಕ್ಕೆ ಗಟ್ಟಿ ಪುರಾವೆ ಬೇಕು. ಹುಬ್ಬಳ್ಳಿಯಂಥ ಊರಿನಲ್ಲಿ ಕಚೇರಿಗಳೇ ಒಂದಕ್ಕಿಂತ ಹೆಚ್ಚಿವೆ. ಯಾವ ಬಡಾವಣೆ, ಯಾವ ಹಳ್ಳಿ ಯಾವುದಕ್ಕೆ ಸೇರುತ್ತದೆ ಎಂಬ ಪಟ್ಟಿಯನ್ನು ಕಚೇರಿಯ ಹೊರಬಾಗಿಲಲ್ಲಿ, ಒಳಗೆ ಬಾರದೆ ಓದುವ ಹಾಗೆ, ತಾವು ಹಾಕಿಸಬೇಕು. ಮಂಟಪದವರೂ ತಮ್ಮ ಬಾಡಿಗೆ ರಸೀತಿಯ ಮೇಲೆ "ಈ ಮಂಟಪ ಇಂಥ ಉಪನೋಂದಣಿ ಕಚೇರಿಯ ವ್ಯಾಪ್ತಿಯಲ್ಲಿದೆ" ಎಂದು ಒಂದು ಸಾಲು ಮುದ್ರಿಸಿದರೆ ಎಷ್ಟೋ ಜನರ ಬಸ್ ಚಾರ್ಜು ಉಳಿಯುತ್ತದೆ.

ವಯಸ್ಸೂ ತಾರೀಖಿನದೇ ಮಾತು. ಮದುವೆಯ ದಿನ ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಆಧಾರ್ ಹುಟ್ಟಿದ ತಾರೀಖಿಗೆ ತಕ್ಕ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದ್ದರಿಂದ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿರಿ. ನಮ್ಮ ಹಳ್ಳಿಗಳಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ, ಸಾಲಿ ಮಾಸ್ತರರು ಬರೆದ ಪುಣ್ಯ! "ನಿಜವಾದ ವಯಸ್ಸು ಬೇರೆ ಐತ್ರಿ" ಎಂದರೆ ಅಧಿಕಾರಿ ನೋಡುವುದು ಕಾಗದವನ್ನೇ. ಕರ್ನಾಟಕವು ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅದನ್ನು ಮುಚ್ಚಲು ಮದುವೆಯ ತಾರೀಖನ್ನು ಒಂದು ವರ್ಷ ಮುಂದೆ ಹಾಕಿ ಅರ್ಜಿ ಬರೆಸುವುದು ಸುಳ್ಳು ಘೋಷಣೆ. ಮೊದಲ ಮಗುವಿನ ಜನನ ಪ್ರಮಾಣಪತ್ರ ಹೊರಬಂದ ದಿನ ಸುಳ್ಳು ತಾನಾಗಿಯೇ ಬಯಲಾಗುತ್ತದೆ. ಅಂಥ ಅರ್ಜಿಯನ್ನು ನಾವು ಬರೆಯುವುದಿಲ್ಲ, ಯಾರೂ ಬರೆಯಬಾರದು. ಆ ಹೆಣ್ಣುಮಗಳು ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿ ಕೇಳದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಅರ್ಜಿ ಹಾಕುವ ರೀತಿ ಈಗ ಬದಲಾಗಿದೆ. 2024ರ ಫೆಬ್ರವರಿಯಿಂದ ಹಿಂದೂ ವಿವಾಹ ನೋಂದಣಿಗೆ ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ 2.0ರಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಆಧಾರ್ ದೃಢೀಕರಣಕ್ಕೆ ಒಪ್ಪುವವರಿಗೆ ಈ ದಾರಿ. ಬೇಡ ಎನ್ನುವವರು ಎಂದಿನಂತೆ ಕಚೇರಿಗೆ ಬರಬೇಕು. ಜೋಡಿ ಫೋಟೊ, ಲಗ್ನಪತ್ರಿಕೆ, ಮದುವೆಯ ವಿಡಿಯೊ, ವಯಸ್ಸು ಮತ್ತು ವಿಳಾಸದ ಪುರಾವೆ, ಮೂವರು ಸಾಕ್ಷಿಗಳ ಗುರುತಿನ ಕಾಗದ ಸಿದ್ಧವಿರಲಿ. ಇಲ್ಲಿ ಕೆಡುವುದು ಸಣ್ಣ ಸಣ್ಣದರಲ್ಲಿ. ಮದುಮಗಳ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ತಂದೆಯದಿರುತ್ತದೆ, ಅಥವಾ ಎಂದೋ ಬಂದಾದ ಸಿಮ್ಮಿನದು. ಒಟಿಪಿ ಬರುವುದೇ ಇಲ್ಲ. ಲಗ್ನದ ಮುಂಚೆಯೇ ಇಬ್ಬರೂ ಸ್ವಂತ ನಂಬರು ಜೋಡಿಸಿಕೊಳ್ಳಬೇಕು. ವಿಡಿಯೊ ಎಂದರೆ ಡ್ರೋನಿನಿಂದ ತೆಗೆದು ಹಾಡು ಕೂಡಿಸಿದ್ದನ್ನು ತರುತ್ತಾರೆ. ಅದರಲ್ಲಿ ಮಂಟಪದ ಚಾವಣಿ ಚೆಂದ ಕಾಣುತ್ತದೆ, ಗಂಡು-ಹೆಣ್ಣಿನ ಮುಖ ಕಾಣುವುದಿಲ್ಲ. ಬೇಕಾದದ್ದು ತಾಳಿ ಕಟ್ಟುವ ಕ್ಷಣ, ಎರಡೂ ಮುಖ, ಸುತ್ತಲಿನ ಹಿರಿಯರು, ಅಷ್ಟೇ. ಮೊಬೈಲಿನಲ್ಲಿ ತಮ್ಮಂದಿರು ತೆಗೆದದ್ದು ಸಾಕು, ಕಡತವೂ ಹಗುರ. ಬಾಸಿಂಗ ಮುಖ ಮುಚ್ಚಿದ ಫೋಟೊ ಒಂದನ್ನೇ ತಂದವರನ್ನು ವಾಪಸು ಕಳಿಸಬೇಕಾಗುತ್ತದೆ; ಬಾಸಿಂಗ ಬಿಚ್ಚಿದ ಮೇಲೆ ಇಬ್ಬರೂ ಕೂಡಿ ನಿಂತದ್ದು ಒಂದಿರಲಿ. ಸಾಕ್ಷಿಗೆ ಮದುವೆಗೆ ಬಂದವರನ್ನೇ ಕರೆಯಿರಿ. ಕಚೇರಿಯ ಗೇಟಿನ ಮುಂದೆ ಸಿಗುವ ಬಾಡಿಗೆ ಸಾಕ್ಷಿಯವರು ನಾಳೆ ನ್ಯಾಯಾಲಯ ಕರೆದಾಗ ಸಿಗುವುದಿಲ್ಲ.

ಶುಲ್ಕದ ಬಗ್ಗೆ ಒಂದೇ ಮಾತು. ಸರ್ಕಾರಿ ಶುಲ್ಕ ಸಣ್ಣದು. ಜನರಿಗೆ ದೊಡ್ಡದಾಗುವುದು ನಡುವಿನವರ ಕೂಲಿ. ಅರ್ಜಿ ಬರೆಯುವ ನಮ್ಮನ್ನೂ ಸೇರಿಸಿಯೇ ಈ ಮಾತು. ಸರ್ಕಾರಕ್ಕೆ ಸಲ್ಲುವ ಮೊತ್ತವನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿರಿ, ಚೌಕಾಸಿ ಉಳಿದದ್ದಕ್ಕೆ ಆಗಲಿ. ಅರ್ಜಿದಾರರು, ಸರ್ಕಾರಿ ಸೇವೆ ಗೊತ್ತಾದ ಅವಧಿಯಲ್ಲಿ ಸಿಗಬೇಕೆನ್ನುವ ಸಕಾಲ ಯೋಜನೆಯ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಲಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ಹಣ ದೊಡ್ಡದಲ್ಲ, ಆದರೆ ಸಂಖ್ಯೆ ಕೈಯಲ್ಲಿದ್ದರೆ "ನಾಳೆ ಬರ್ರಿ" ಎಂಬ ಮಾತು ಕಡಿಮೆಯಾಗುತ್ತದೆ.

ಸಾಮೂಹಿಕ ವಿವಾಹಗಳ ಬಗ್ಗೆ ತಾವು ವಿಶೇಷವಾಗಿ ಗಮನ ಕೊಡಬೇಕು. ಜಾತ್ರೆಗಳಲ್ಲಿ, ಮಠಗಳಲ್ಲಿ ಒಂದೇ ಚಪ್ಪರದಡಿ ಹತ್ತಾರು ಜೋಡಿಗಳಿಗೆ ಅಕ್ಕಿಕಾಳು ಬೀಳುವ ಪದ್ಧತಿ ಈ ಮೂರು ಜಿಲ್ಲೆಗಳಲ್ಲಿ ಬೇರೂರಿದೆ. ಖರ್ಚು ಉಳಿಯುತ್ತದೆ, ಸಾಲ ತಪ್ಪುತ್ತದೆ. ಆದರೆ ಈ ಜೋಡಿಗಳ ಕೈಯಲ್ಲಿ ಮುಂದೆ ತೋರಿಸಲು ಏನೂ ಇರುವುದಿಲ್ಲ. ಪತ್ರಿಕೆಯಲ್ಲಿ ಶ್ರೀಗಳ ಹೆಸರು, ಅತಿಥಿಗಳ ಹೆಸರು, ದಾಸೋಹದ ಸಮಯ ಎಲ್ಲ ಇರುತ್ತದೆ. ಜೋಡಿಗಳ ಹೆಸರು ಇರುವುದಿಲ್ಲ. ಫೋಟೊದಲ್ಲಿ ಮೂವತ್ತು ಜೋಡಿ ಸಾಲಾಗಿ ನಿಂತಿರುತ್ತಾರೆ, ಯಾರು ಯಾರೆಂದು ತಿಳಿಯುವುದಿಲ್ಲ.

ಇದಕ್ಕೆ ಔಷಧ ಕಷ್ಟದ್ದಲ್ಲ. ಸಮಿತಿಯವರು ಹೆಸರು ಬರೆದುಕೊಳ್ಳುವ ದಿನವೇ ಅಂಕಪಟ್ಟಿ ಮತ್ತು ಆಧಾರ್ ಪ್ರತಿ ತೆಗೆದುಕೊಂಡು ಹೋಲಿಸಿ ನೋಡಬೇಕು. ವಯಸ್ಸು ಕಡಿಮೆಯಿದ್ದವರು ಅಲ್ಲೇ ಸಿಕ್ಕಿಬೀಳುತ್ತಾರೆ, ಅದು ಮಠಕ್ಕೂ ರಕ್ಷಣೆ. ಪ್ರತಿ ಜೋಡಿಗೂ ಅವರ ಪೂರ್ತಿ ಹೆಸರು, ತಾರೀಖು, ಸ್ಥಳ ಬರೆದು, ಮುದ್ರೆ ಒತ್ತಿ, ಅಧ್ಯಕ್ಷರ ಸಹಿಯಿರುವ ಒಂದು ಪತ್ರ ಕೊಡಬೇಕು. ವೇದಿಕೆ ಇಳಿಯುವ ಮುಂಚೆ ಜೋಡಿಗೊಂದು ಪ್ರತ್ಯೇಕ ಫೋಟೊ. ಉಪನೋಂದಣಾಧಿಕಾರಿಗಳು ತಮ್ಮ ಒಬ್ಬ ಸಿಬ್ಬಂದಿಯನ್ನು, ಇಲ್ಲವೇ ಹತ್ತಿರದ ಗ್ರಾಮ ಒನ್ ಕೇಂದ್ರದವರನ್ನು, ಒಂದು ಕಂಪ್ಯೂಟರ್ ಸಹಿತ ಆ ದಿನ ಚಪ್ಪರದ ಪಕ್ಕದಲ್ಲಿ ಕೂರಿಸಿದರೆ ಮೂವರು ಸಾಕ್ಷಿಗಳು ಹುಡುಕದೆ ಸಿಗುತ್ತಾರೆ, ತಂದೆ-ತಾಯಿ ಅಲ್ಲೇ ಇರುತ್ತಾರೆ, ಇಬ್ಬರ ಒಟಿಪಿಯೂ ಅಲ್ಲೇ ಬರುತ್ತದೆ. ಅಂದು ಅರ್ಜಿ ಹೋದರೆ ಮುಂದಿನದು ಕಚೇರಿಯ ಕೆಲಸ. ಬಿಟ್ಟರೆ ಜೋಡಿ ಮಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗುತ್ತದೆ, ಮತ್ತೆ ಆ ಮೂವರು ಸಾಕ್ಷಿಗಳು ಒಂದೆಡೆ ಸೇರುವುದು ಮುಂದಿನ ಜಾತ್ರೆಗೇ. ಧರ್ಮಾದಾಯ ಇಲಾಖೆ ದೇವಸ್ಥಾನಗಳಲ್ಲಿ ನಡೆಸುವ ಸಾಮೂಹಿಕ ವಿವಾಹಗಳಿಗೂ ಇದೇ ಕ್ರಮ ಹೊಂದುತ್ತದೆ.

ಕಾಗದ ಇಲ್ಲದಿದ್ದರೆ ಕಳೆದುಕೊಳ್ಳುವುದು ಏನು ಎಂಬುದನ್ನೂ ಜೋಡಿಗಳಿಗೆ ಹೇಳಬೇಕು. ಸಮಾಜ ಕಲ್ಯಾಣ ಇಲಾಖೆಯ ಅಂತರ್ಜಾತಿ ವಿವಾಹ ಪ್ರೋತ್ಸಾಹಧನ ವಧು ಪರಿಶಿಷ್ಟ ಜಾತಿಯವಳಾದರೆ 3 ಲಕ್ಷ, ವರ ಪರಿಶಿಷ್ಟ ಜಾತಿಯವನಾದರೆ 2.5 ಲಕ್ಷ ರೂಪಾಯಿ. ನೋಂದಣಿ ಪ್ರಮಾಣಪತ್ರವಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಮದುವೆ ಸಹಾಯಧನಕ್ಕೂ ಅದೇ ಕಾಗದ. ಗಂಡ ತೀರಿಕೊಂಡ ಮೇಲೆ ಪಿಂಚಣಿ, ವಿಮೆ, ಹೊಲದ ವಾರಸಾ ಪ್ರಶ್ನೆ ಬಂದಾಗ "ನೀನು ಅವನ ಹೆಂಡತಿ ಎಂಬುದಕ್ಕೆ ಪುರಾವೆ ಏನು" ಎಂದು ಕೇಳುವವರು ಬಹುಮಟ್ಟಿಗೆ ಹೊರಗಿನವರಲ್ಲ, ಮನೆಯವರೇ.

ಇಲ್ಲಿ ಉಡಿಕಿಯ ವಿಷಯ ಬರುತ್ತದೆ. ವಿಧವೆ ಅಥವಾ ಬಿಟ್ಟ ಹೆಣ್ಣುಮಗಳ ಮರುಮದುವೆಯನ್ನು ನಮ್ಮ ಕಡೆ ಸದ್ದಿಲ್ಲದೆ, ಪತ್ರಿಕೆ ಹಂಚದೆ, ನಾಲ್ಕು ಮಂದಿ ಹಿರಿಯರ ಮುಂದೆ ಮುಗಿಸುತ್ತಾರೆ. ಸಪ್ತಪದಿ ಇರುವುದಿಲ್ಲ. ಅದಕ್ಕೆ ಇದು ಮದುವೆಯೇ ಅಲ್ಲ ಎಂದು ಕೆಲವರು ಹೆದರಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಕೇಳುವುದು ಗಂಡು ಅಥವಾ ಹೆಣ್ಣು ಯಾರಾದರೊಬ್ಬರ ಕಡೆಯ ರೂಢಿಯ ಶಾಸ್ತ್ರ. ಸಪ್ತಪದಿ ಆ ರೂಢಿಯಲ್ಲಿ ಇದ್ದರೆ ಮಾತ್ರ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿ ಎಂಬ ಮಾತು ಬರುತ್ತದೆ. ಅಯ್ಯನವರು ಮಾಡಿಸುವ ಲಿಂಗಾಯತ ಲಗ್ನಕ್ಕೂ ಇದೇ ಉತ್ತರ, ವೀರಶೈವ, ಲಿಂಗಾಯತ ಎಂಬ ಹೆಸರುಗಳು ಕಾಯ್ದೆಯ 2ನೇ ಕಲಂನಲ್ಲೇ ಇವೆ. ಉಡಿಕಿಗೆ ಪತ್ರಿಕೆ ಇಲ್ಲವಾದ್ದರಿಂದ ಅಂದಿನ ಫೋಟೊ, ವಿಡಿಯೊ, ಹಿರಿಯರ ಸಾಕ್ಷಿಯೇ ಬಲ. ಹಿಂದಿನ ಗಂಡನ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ಡಿಕ್ರಿಯ ದೃಢೀಕೃತ ನಕಲು ಬೇಕೇ ಬೇಕು. ಡಿಕ್ರಿಯಾದ ಮರುದಿನವೇ ಮದುವೆಯಾಗುವಂತಿಲ್ಲ, ಮೇಲ್ಮನವಿಯ ಅವಧಿ ಮುಗಿದಿರಬೇಕು. ಪಂಚರು ಕೂತು ಸ್ಟಾಂಪ್ ಪೇಪರಿನ ಮೇಲೆ ಬರೆಸಿದ ಸೋಡಚೀಟಿ (ಬಿಡುಗಡೆ ಪತ್ರ) ಹಿಡಿದು ಬರುವವರಿಗೆ ಮಾತ್ರ ಕಹಿ ಉತ್ತರ ಕೊಡಬೇಕಾಗುತ್ತದೆ. ರೂಢಿಯ ವಿಚ್ಛೇದನವನ್ನು 29ನೇ ಕಲಂ ಉಳಿಸಿದೆ, ಆದರೆ ಆ ರೂಢಿ ಇದೆಯೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ಎರಡನೆಯ ಲಗ್ನಕ್ಕೆ ಮೊದಲೇ ಅದನ್ನು ಮಾಡಿಕೊಳ್ಳದಿದ್ದರೆ ಪೆಟ್ಟು ಬೀಳುವುದು ಎರಡನೆಯ ಹೆಂಡತಿಗೆ ಮತ್ತು ಅವಳ ಮಕ್ಕಳಿಗೆ.

ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಹಿಂದೂ ವಿವಾಹ ಕಾಯ್ದೆ ಈ ಸಂಬಂಧಗಳನ್ನು ನಿಷೇಧದ ಪಟ್ಟಿಯಲ್ಲಿಟ್ಟು, ರೂಢಿಯಿದ್ದರೆ ನಡೆಯುತ್ತದೆ ಎಂದಿದೆ. ಅರ್ಜಿಯಲ್ಲಿ ಸಂಬಂಧ ಕೇಳಿದರೆ ಮುಚ್ಚಿಡಬೇಡಿರಿ, ರೂಢಿಯನ್ನು ಬರೆಯಿರಿ.

ವಿಶೇಷ ವಿವಾಹ ಕಾಯ್ದೆಯ ಬಗ್ಗೆ ಉಪನೋಂದಣಾಧಿಕಾರಿಗಳಿಗೇ ನೇರವಾಗಿ ಬರೆಯುತ್ತಿದ್ದೇವೆ. ಇಬ್ಬರಲ್ಲಿ ಒಬ್ಬರು ತಮ್ಮ ಜಿಲ್ಲೆಯಲ್ಲಿ ನೋಟಿಸಿಗೆ ಮುಂಚೆ ಕನಿಷ್ಠ 30 ದಿನ ವಾಸವಿದ್ದರೆ ಸಾಕು. ನೋಟಿಸನ್ನು ಕಚೇರಿಯಲ್ಲಿ ಎದ್ದುಕಾಣುವಲ್ಲಿ ಹಚ್ಚಬೇಕು. ಒಬ್ಬರ ಕಾಯಂ ವಾಸ ಬೇರೆ ಜಿಲ್ಲೆಯಾದರೆ ಅಲ್ಲಿನ ವಿವಾಹಾಧಿಕಾರಿಗೆ ಪ್ರತಿ ಕಳಿಸಬೇಕು. ತಂದೆ-ತಾಯಿಯ ಮನೆಗೆ ನೋಟಿಸು ಕಳಿಸಬೇಕೆಂದು ಕಾಯ್ದೆಯ ಯಾವ ಕಲಂನಲ್ಲೂ ಇಲ್ಲ. ಅವರ ಒಪ್ಪಿಗೆ ಪತ್ರವೂ ಬೇಕಿಲ್ಲ. 30 ದಿನದೊಳಗೆ ಬರುವ ಆಕ್ಷೇಪಣೆ 4ನೇ ಕಲಂನ ಷರತ್ತುಗಳ ಮೇಲೆ ಮಾತ್ರ ನಿಲ್ಲಬೇಕು: ಇನ್ನೊಂದು ಮದುವೆ ಇರುವುದು, ಒಪ್ಪಿಗೆ ಕೊಡುವ ಮನಃಸ್ಥಿತಿ, ವಯಸ್ಸು, ನಿಷೇಧಿತ ಸಂಬಂಧ. ಜಾತಿ ಬೇರೆ, ಧರ್ಮ ಬೇರೆ, ಮನೆಯವರಿಗೆ ಇಷ್ಟವಿಲ್ಲ ಎಂಬುದು ಆಕ್ಷೇಪಣೆಯೇ ಅಲ್ಲ. ಬಂದ ಆಕ್ಷೇಪಣೆಯನ್ನು 30 ದಿನದೊಳಗೆ ವಿಚಾರಿಸಿ ತೀರ್ಮಾನಿಸಬೇಕು. ದುರುದ್ದೇಶದ್ದು ಎಂದು ಕಂಡರೆ ಹಾಕಿದವರ ಮೇಲೆ 1,000 ರೂಪಾಯಿವರೆಗೆ ಖರ್ಚು ಹೊರಿಸುವ ಅಧಿಕಾರ ತಮಗಿದೆ, ಅದನ್ನು ಬಳಸಿರಿ.

ಜೋಡಿಗಳು ನೆನಪಿಡಬೇಕಾದ ಲೆಕ್ಕ: ನೋಟಿಸಿನಿಂದ 30 ದಿನ ಕಳೆದ ಮೇಲೆ, ಮೂರು ತಿಂಗಳು ಮುಗಿಯುವುದರೊಳಗೆ ಮದುವೆಯಾಗಬೇಕು. ಮೀರಿದರೆ ನೋಟಿಸು ಸತ್ತಂತೆ, ಮೊದಲಿನಿಂದ ಶುರು. ಮೂವರು ಸಾಕ್ಷಿಗಳ ಮುಂದೆ ಒಬ್ಬರನ್ನೊಬ್ಬರು ಸ್ವೀಕರಿಸುವ ಮಾತು ಹೇಳಬೇಕು, ಇಬ್ಬರಿಗೂ ತಿಳಿಯುವ ಯಾವ ಭಾಷೆಯಾದರೂ ನಡೆಯುತ್ತದೆ, ಕನ್ನಡದಲ್ಲೇ ಹೇಳಿರಿ. ಸಾಂಪ್ರದಾಯಿಕವಾಗಿ ಆದ ಮದುವೆಯನ್ನು ಇದೇ ಕಾಯ್ದೆಯ 15ನೇ ಕಲಂನಲ್ಲಿ ದಾಖಲಿಸಬಹುದು, ಆದರೆ ಅದಕ್ಕೆ ನೋಂದಣಿಯ ದಿನ ಹುಡುಗಿಗೂ 21 ತುಂಬಿರಬೇಕು ಮತ್ತು 30 ದಿನದ ನೋಟಿಸು ಅಲ್ಲಿಯೂ ಉಂಟು. ಇದು ಗೊತ್ತಿಲ್ಲದೆ 19 ವರ್ಷದ ಮದುಮಗಳನ್ನು ಕರೆತಂದು ತಿರುಗಿ ಹೋಗುತ್ತಾರೆ. ಹಿಂದೂ ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಲೆಕ್ಕ, ವಾರಸಾ ಹಕ್ಕಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ. ಇಬ್ಬರೂ ಹಿಂದೂಗಳಾದರೆ 1976ರ ತಿದ್ದುಪಡಿಯಿಂದ ಇದು ತಟ್ಟುವುದಿಲ್ಲ. ಹೊಲ-ಮನೆ ಕೂಡಿ ಇರುವವರು ಇದನ್ನು ತಿಳಿದೇ ಸಹಿ ಮಾಡಬೇಕು.

ಮುಸ್ಲಿಂ ಕುಟುಂಬಗಳಲ್ಲಿ ಈಗ ಗೊಂದಲವಿದೆ. ವಕ್ಫ್ ಮಂಡಳಿಯಿಂದ ವಿವಾಹ ಪ್ರಮಾಣಪತ್ರ ಕೊಡಿಸುವ 2023ರ ಸರ್ಕಾರಿ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ನಿಕಾಹ್‌ನಾಮಾ ಜೋಪಾನವಾಗಿಡಿರಿ, ಅದರಲ್ಲಿ ಹೆಸರುಗಳು ಆಧಾರ್‌ನಂತೆಯೇ ಇರಲೆಂದು ಖಾಜಿಯವರಿಗೆ ಮೊದಲೇ ಹೇಳಿರಿ. ರಾಜ್ಯದ 1976ರ ಕಾಯ್ದೆಯಡಿ ನೋಂದಣಿ, ಇಲ್ಲವೇ ವಿಶೇಷ ವಿವಾಹ ಕಾಯ್ದೆಯ 15ನೇ ಕಲಂ, ಈ ಎರಡರಲ್ಲಿ ಯಾವುದಕ್ಕೆ ಯಾವ ಕಾಗದ ಬೇಕೆಂದು ಕಚೇರಿಯಲ್ಲಿ ಕನ್ನಡ ಮತ್ತು ಉರ್ದು ಎರಡರಲ್ಲೂ ಫಲಕ ಬೇಕು. ಚರ್ಚಿನಲ್ಲಿ ಆದ ಮದುವೆಗೆ 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ಪಾದ್ರಿಗಳ ರಿಜಿಸ್ಟರಿನಲ್ಲೇ ದಾಖಲೆಯಾಗುತ್ತದೆ. ಅದರ ಪ್ರಮಾಣಿತ ಪ್ರತಿ ಅಂದೇ ಪಡೆಯಿರಿ.

ಪ್ರಮಾಣಪತ್ರ ಕೈಗೆ ಬರುವ ಗಳಿಗೆಯಲ್ಲಿ ಅವಸರ ಬೇಡ. ಅಂತಿಮವಾಗಿ ಸಹಿ ಬೀಳುವ ಮುಂಚೆ ಕರಡನ್ನು ಗಂಡ-ಹೆಂಡತಿ ಇಬ್ಬರಿಗೂ ಓದಲು ಕೊಡಬೇಕು. ಇದನ್ನು ಎಲ್ಲ ಕಚೇರಿಗಳಲ್ಲೂ ನಿಯಮದಂತೆ ಪಾಲಿಸಲು ತಾವು ಸೂಚನೆ ಕೊಡಿರಿ. ಆಮೇಲೆ ತಿದ್ದಿಸುವುದು ಎಲ್ಲರಿಗೂ ತಲೆನೋವು. ಎರಡು-ಮೂರು ದೃಢೀಕೃತ ನಕಲು ಆಗಲೇ ತೆಗೆದಿಟ್ಟುಕೊಳ್ಳಿರಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿರಿ, ಅದರ ಮೇಲೆ ಯಾರೂ ಮುದ್ರೆ ಒತ್ತುವುದಿಲ್ಲ. ಪರದೇಶಕ್ಕೆ ಬೇಕಾದರೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಪರದೇಶದಲ್ಲಿ ನಡೆಯುವ ದೃಢೀಕರಣ ಮುದ್ರೆ. ಯುಎಇ, ಕುವೈತ್‌ನಂಥ ದೇಶಗಳಿಗೆ ಅಪೋಸ್ಟಿಲ್ ಬದಲು ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕಾಗುತ್ತದೆ. ಬರೀ ಪಾಸ್‌ಪೋರ್ಟ್ ಮಾಡಿಸುವವರಿಗೆ ಪ್ರಮಾಣಪತ್ರ ಕಡ್ಡಾಯವಲ್ಲ, 2016ರ ಡಿಸೆಂಬರ್‌ನಲ್ಲೇ ಆ ನಿಯಮ ತೆಗೆದಿದ್ದಾರೆ. ಆದರೂ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೊರಟವರನ್ನು ಅದಕ್ಕಾಗಿಯೇ ಏಜೆಂಟರು ನೋಂದಣಿ ಕಚೇರಿಗೆ ಓಡಿಸುತ್ತಾರೆ.

ಕೊನೆಗೆ, ತಾವು ಒಪ್ಪಿದರೆ ಮುಂದಿನ ಲಗ್ನಸರಾಯಿಗೆ ಮುಂಚೆ ಒಂದು ಹಾಳೆಯ ತಿಳಿವಳಿಕೆ ಪತ್ರದ ಕರಡನ್ನು ನಾವೇ ಬರೆದುಕೊಡುತ್ತೇವೆ: ಒಂದು ಮಗ್ಗುಲಲ್ಲಿ ಹೆಸರು, ತಾರೀಖು, ಸ್ಥಳ ಹೋಲಿಸಿ ನೋಡುವ ಖಾನೆಗಳು, ಇನ್ನೊಂದು ಮಗ್ಗುಲಲ್ಲಿ ಬೇಕಾದ ಕಾಗದಗಳು ಮತ್ತು ಕಚೇರಿಗಳ ವ್ಯಾಪ್ತಿ. ತಮ್ಮ ಕಚೇರಿಯಿಂದ ಅದನ್ನು ಪರಿಶೀಲಿಸಿ, ಮುದ್ರೆ ಹಾಕಿ, ಮಂಟಪಗಳಿಗೂ ಪ್ರೆಸ್ಸುಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಕಳಿಸಿರಿ. ಮಂಟಪ ಕಾಯ್ದಿರಿಸಲು ಬಂದವರ ಕೈಗೆ ಮುಂಗಡದ ರಸೀತಿಯ ಜೊತೆಗೇ ಆ ಹಾಳೆಯೂ ಹೋಗಲಿ.

ಇತಿ,
ವಿವಾಹ ನೋಂದಣಿಯ ಅರ್ಜಿ ಬರೆಯುವ ಕೆಲಸದವರು,
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ.